ಸಂಪರ್ಕ ಕಡಿದ ಮೇಲೂ ಓಡಬೇಕಾದ ಸರ್ವರ್: ‘ನೋಹಪ್’ ಎಂಬ ಮನೆಮದ್ದಿನ ವಿಮರ್ಶೆ

ದೂರದ ಗಣಕಯಂತ್ರವೊಂದಕ್ಕೆ ಲಾಗಿನ್ ಆಗಿ, ಅಲ್ಲಿ ಒಂದು ಸರ್ವರ್ ಕ್ರಮವಿಧಿಯನ್ನು ಚಾಲೂ ಮಾಡಿ, ಸಂಪರ್ಕ ಮುಚ್ಚಿ ಎದ್ದು ಬಂದರೆ ಆ ಕ್ರಮವಿಧಿಯ ಗತಿ ಏನು? ಲಿನಕ್ಸ್ ಕಲಿಯುವ ವಿದ್ಯಾರ್ಥಿಗಳೆಲ್ಲರೂ ಒಂದಲ್ಲ ಒಂದು ದಿನ ಈ ಪ್ರಶ್ನೆಯನ್ನು ಎದುರಿಸುತ್ತಾರೆ. ಪ್ರಯೋಗಾಲಯದ ಕೈಪಿಡಿಗಳು ಇದಕ್ಕೆ ಸಾಮಾನ್ಯವಾಗಿ ಒಂದೇ ಸಾಲಿನ ಉತ್ತರ ಕೊಡುತ್ತವೆ: ಆದೇಶದ ಮೊದಲು ‘ನೋಹಪ್’ ಎಂದು ಬರೆಯಿರಿ, ಕೊನೆಯಲ್ಲಿ ಆಂಪರ್‌ಸ್ಯಾಂಡ್ ಚಿಹ್ನೆ ಹಾಕಿರಿ, ಎಂಟರ್ ಒತ್ತಿರಿ. ಪರೀಕ್ಷೆಯಲ್ಲಿ ಇಷ್ಟು ಬರೆದವರಿಗೆ ಅಂಕವೂ ದೊರೆಯುತ್ತದೆ. ಈ ಉತ್ತರ ತಪ್ಪು ಎಂದು ನಾನು ಹೇಳುವುದಿಲ್ಲ. ಆದರೆ ಇದು ಬೇರೆ ಯಾವುದೋ ಪ್ರಶ್ನೆಗೆ ಕೊಟ್ಟ ಉತ್ತರ ಎಂಬುದನ್ನು ತೋರಿಸಲು ಈ ಲೇಖನದಲ್ಲಿ ಪ್ರಯತ್ನಿಸುತ್ತೇನೆ.

ವಿಷಯ ಸ್ಪಷ್ಟವಾಗಲು ಒಂದು ಊರನ್ನೇ ಇಟ್ಟುಕೊಳ್ಳೋಣ. ಕಲಬುರಗಿ ಜಿಲ್ಲೆಯ ಅಫಜಲಪುರ ತಾಲ್ಲೂಕಿನಲ್ಲಿ, ಭೀಮಾ ನದಿಯ ತೀರದಲ್ಲಿ ಮಣ್ಣೂರ ಎಂಬ ಗ್ರಾಮವಿದೆ. ಅಲ್ಲಿನ ಒಬ್ಬ ವಿಜ್ಞಾನ ಶಿಕ್ಷಕರು ಶಾಲೆಯ ಮೇಲ್ಛಾವಣಿಯಲ್ಲಿ ಪುಟ್ಟದೊಂದು ಮಳೆಮಾಪಕ ಇಟ್ಟು, ಅದರ ಅಂಕಿಗಳನ್ನು ಕಲಬುರಗಿಯ ಕಾಲೇಜೊಂದರ ಸರ್ವರ್‌ಗೆ ಕಳುಹಿಸುವ ವ್ಯವಸ್ಥೆ ಮಾಡಿದ್ದಾರೆ ಎಂದು ಭಾವಿಸಿ. ಅಂಕಿಗಳನ್ನು ಪಡೆದು ಬರೆದಿಡುವ ಕ್ರಮವಿಧಿ ಕಾಲೇಜಿನ ಯಂತ್ರದಲ್ಲಿದೆ. ಅದನ್ನು ಚಾಲೂ ಮಾಡುವವರು ಮಣ್ಣೂರಿನಲ್ಲಿದ್ದಾರೆ. ಇದು ಕಲ್ಪನೆಯ ಉದಾಹರಣೆಯಾದರೂ ಇಂಥ ಕೆಲಸ ನಮ್ಮ ರಾಜ್ಯಕ್ಕೆ ಹೊಸದಲ್ಲ. 1988ರಲ್ಲಿ ಬರ ನಿಗಾ ಘಟಕವಾಗಿ ಹುಟ್ಟಿ ಈಗ ಯಲಹಂಕದಲ್ಲಿರುವ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದವರೆಗೆ ಸ್ವಯಂಚಾಲಿತ ಮಳೆಮಾಪಕಗಳ ಜಾಲವನ್ನು ಹರಡಿದೆ. ಸೌರಶಕ್ತಿಯಿಂದ ನಡೆಯುವ ಈ ಮಾಪಕಗಳು ಮೊಬೈಲ್ ಜಾಲದ ಮೂಲಕ 15 ನಿಮಿಷಕ್ಕೊಮ್ಮೆ ಅಂಕಿ ಕಳುಹಿಸುತ್ತವೆ. ಒಂದು ಮಾಪಕದಿಂದ ದಿನಕ್ಕೆ 96 ಅಂಕಿಗಳು ಬರುತ್ತವೆ ಎಂದಾಯಿತು. ಇವುಗಳನ್ನು ಕೇಳಿಸಿಕೊಳ್ಳುವ ಸರ್ವರ್ ಯಾರೋ ಒಬ್ಬರು ಲಾಗಿನ್ ಆಗಿ ಕುಳಿತಿದ್ದಾಗ ಮಾತ್ರ ಕೇಳಿಸಿಕೊಂಡರೆ ಸಾಲದು.

ಇನ್ನೊಂದು ಮಾತನ್ನೂ ಗಮನಿಸಿ. ಮಳೆ ಜೋರಾದಾಗಲೇ ವಿದ್ಯುತ್ ಹೋಗುವುದು, ಆಗಲೇ ಮೊಬೈಲ್ ಸಂಕೇತ ಕುಂಟುವುದು. 2020ರ ಅಕ್ಟೋಬರ್‌ನಲ್ಲಿ ಭೀಮಾ ಉಕ್ಕಿ ಅಫಜಲಪುರ ತಾಲ್ಲೂಕಿನ ನದಿತೀರದ ಹಳ್ಳಿಗಳಿಗೆ ನೀರು ನುಗ್ಗಿತ್ತು. ಅಂಕಿ ಅತ್ಯಂತ ಅಗತ್ಯವಾದ ಗಳಿಗೆಯೂ ಸಂಪರ್ಕ ಕಡಿಯುವ ಗಳಿಗೆಯೂ ಒಂದೇ ಆಗಿರುತ್ತದೆ. ಹೀಗಾಗಿ ಸಂಪರ್ಕ ಕಡಿದ ಮೇಲೆ ಕ್ರಮವಿಧಿ ಉಳಿಯುತ್ತದೆಯೋ ಇಲ್ಲವೋ ಎಂಬುದು ಬರಿಯ ಪರೀಕ್ಷೆಯ ಪ್ರಶ್ನೆಯಲ್ಲ.

ದೂರವಾಣಿ ಕಾಲದ ಸಂಜ್ಞೆ

ಯುನಿಕ್ಸ್ ಕಾರ್ಯಾಚರಣಾ ವ್ಯವಸ್ಥೆ 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿತು. ಆಗ ಬಳಕೆದಾರರ ಮುಂದೆ ಇದ್ದದ್ದು ಟೆಲಿಪ್ರಿಂಟರ್. ದೂರದಲ್ಲಿದ್ದವರು ಮೋಡೆಮ್ ಇಟ್ಟುಕೊಂಡು ದೂರವಾಣಿ ತಂತಿಯ ಮೂಲಕ ಯಂತ್ರವನ್ನು ಮುಟ್ಟುತ್ತಿದ್ದರು. ಬಳಕೆದಾರರು ರಿಸೀವರನ್ನು ಕೆಳಗಿಟ್ಟರೆ ತಂತಿಯ ಮೇಲಿನ ವಾಹಕ ಸ್ವರ ನಿಂತುಹೋಗುತ್ತಿತ್ತು. ಯಂತ್ರಕ್ಕೆ ‘ಆಸಾಮಿ ಹೋದ’ ಎಂದು ತಿಳಿಯುತ್ತಿದ್ದುದು ಹೀಗೆ. ಕೂಡಲೇ ಕರ್ನೆಲ್ ಆ ತಂತಿಗೆ ಸೇರಿದ ಪ್ರಕ್ರಿಯೆಗಳಿಗೆ 1ನೇ ಸಂಖ್ಯೆಯ ಸಂಜ್ಞೆಯನ್ನು ಕಳುಹಿಸುತ್ತಿತ್ತು. ಇದರ ಹೆಸರೇ ‘ಹ್ಯಾಂಗಪ್’, ಅಂದರೆ ಫೋನ್ ಇಟ್ಟದ್ದು. ಬೇರೆ ಏರ್ಪಾಡು ಮಾಡಿಕೊಳ್ಳದ ಪ್ರಕ್ರಿಯೆ ಈ ಸಂಜ್ಞೆ ಬಂದೊಡನೆ ಸಾಯುತ್ತದೆ.

ಇದು ಕ್ರೂರ ಎನಿಸಬಹುದು. ಆದರೆ ಅಂದಿನ ಸ್ಥಿತಿಯಲ್ಲಿ ಇದೇ ವಿವೇಕ. ಯಂತ್ರದ ಸಮಯ ದುಬಾರಿ. ಅದೇ ತಂತಿಗೆ ಮುಂದೆ ಕರೆ ಮಾಡುವ ಇನ್ನೊಬ್ಬರು ಹಿಂದಿನವರ ಅರ್ಧ ಓಡಿದ ಕ್ರಮವಿಧಿಯೊಳಗೆ ಬಂದು ಬೀಳಬಾರದು. ರಾತ್ರಿಯಿಡೀ ಓಡಬೇಕಾದ ಲೆಕ್ಕವಿದ್ದವರಿಗಾಗಿ ಅದೇ ಬೆಲ್ ಪ್ರಯೋಗಾಲಯದಲ್ಲಿ 1970ರ ದಶಕದಲ್ಲಿ ‘ನೋ ಹ್ಯಾಂಗಪ್’ ಎಂಬುದನ್ನು ಕಿರಿದಾಗಿಸಿದ ನೋಹಪ್ ಬಂದಿತು. ಅದು ವಿನಾಯಿತಿಯ ಚೀಟಿ ಇದ್ದಂತೆ. ಒಂದು ರಾತ್ರಿಗೆ, ಒಂದು ಲೆಕ್ಕಕ್ಕೆ ಸಾಕು.

ಈಗ ಮೋಡೆಮ್ ಇಲ್ಲ. ಫಿನ್ಲೆಂಡಿನ ಟಾಟು ಯುಲೊನೆನ್ 1995ರಲ್ಲಿ ರೂಪಿಸಿದ ಎಸ್ಎಸ್ಎಚ್ ಮೂಲಕ ನಾವು ದೂರದ ಯಂತ್ರವನ್ನು ಸೇರುತ್ತೇವೆ. ಆದರೆ ಆ ಕಡೆಯ ಯಂತ್ರವು ನಮಗಾಗಿ ಒಂದು ಹುಸಿ ಟರ್ಮಿನಲ್ ಸೃಷ್ಟಿಸಿ, ಟೆಲಿಪ್ರಿಂಟರ್ ಇನ್ನೂ ಇದೆಯೆಂಬ ನಾಟಕವನ್ನು ಮುಂದುವರಿಸುತ್ತದೆ. ಸಂಪರ್ಕ ಮುಗಿದಾಗ ಆ ಹುಸಿ ಟರ್ಮಿನಲ್ ಮುಚ್ಚುತ್ತದೆ. ಕರ್ನೆಲ್ ಶೆಲ್‌ಗೆ 1ನೇ ಸಂಜ್ಞೆ ಕೊಡುತ್ತದೆ. ಶೆಲ್ ತಾನು ಹೊರಡುವ ಮುನ್ನ ಅದನ್ನು ತನ್ನ ಮಕ್ಕಳಿಗೆಲ್ಲ ಹಂಚುತ್ತದೆ.

ಇಲ್ಲಿ ಕೈಪಿಡಿಗಳು ಹೇಳದ ಒಂದು ಸೂಕ್ಷ್ಮವಿದೆ. ಬಹುತೇಕ ಲಿನಕ್ಸ್‌ಗಳಲ್ಲಿರುವ ಬ್ಯಾಷ್ ಶೆಲ್‌ನಲ್ಲಿ ನೀವೇ ‘ಎಕ್ಸಿಟ್’ ಎಂದು ಬರೆದು ಮರ್ಯಾದೆಯಿಂದ ಹೊರಬಂದರೆ, ಹಿನ್ನೆಲೆಯಲ್ಲಿ ಓಡುತ್ತಿರುವ ಕೆಲಸಗಳಿಗೆ ಅದು ಸಾಮಾನ್ಯವಾಗಿ ಈ ಸಂಜ್ಞೆಯನ್ನು ಕಳುಹಿಸುವುದಿಲ್ಲ. ತಂತಿ ಕಡಿದು ಶೆಲ್‌ಗೇ ಸಂಜ್ಞೆ ಬಂದಾಗ ಮಾತ್ರ ಕಳುಹಿಸುತ್ತದೆ. ಹೀಗಾಗಿ ನೋಹಪ್ ಇಲ್ಲದ ಅದೇ ಕ್ರಮವಿಧಿ ಒಂದು ದಿನ ಉಳಿಯುತ್ತದೆ, ಇನ್ನೊಂದು ದಿನ ಸಾಯುತ್ತದೆ. ಒಳ್ಳೆಯ ಸಂಪರ್ಕವಿರುವ ಊರಿನ ವಿದ್ಯಾರ್ಥಿ ಮೊದಲನೆಯದನ್ನು ಕಂಡು ‘ಆಂಪರ್‌ಸ್ಯಾಂಡ್ ಒಂದೇ ಸಾಕು’ ಎನ್ನುತ್ತಾನೆ. ಮಣ್ಣೂರಿನಲ್ಲಿ ಕುಳಿತವರು ಎರಡನೆಯದನ್ನು ಕಾಣುತ್ತಾರೆ. ಇಬ್ಬರೂ ಕಂಡದ್ದು ನಿಜವೇ.

ಗೊಂದಲ ಇಲ್ಲಿಗೆ ನಿಲ್ಲುವುದಿಲ್ಲ. ಮಣ್ಣೂರಿನಲ್ಲಿ ವಿದ್ಯುತ್ ಹೋಗಿ ಗಣಕವೂ ಮೋಡೆಮ್ಮಿನ ಜಾಗದಲ್ಲಿರುವ ರೂಟರೂ ಒಮ್ಮೆಲೇ ಆರಿದರೆ, ‘ನಾನು ಹೊರಟೆ’ ಎಂಬ ಸುದ್ದಿಯನ್ನು ಕಲಬುರಗಿಗೆ ಮುಟ್ಟಿಸುವವರು ಯಾರೂ ಇರುವುದಿಲ್ಲ. ಸರ್ವರ್ ತನ್ನ ಪಾಡಿಗೆ ಸಂಪರ್ಕ ಜೀವಂತವಿದೆ ಎಂದೇ ತಿಳಿದಿರುತ್ತದೆ. ಕ್ರಮವಿಧಿ ಪರದೆಗೆ ಏನನ್ನಾದರೂ ಬರೆಯುತ್ತಿದ್ದರೆ ಆ ಮಾಹಿತಿಯನ್ನು ಮತ್ತೆ ಮತ್ತೆ ಕಳುಹಿಸಿ ನೋಡಿ, ಲಿನಕ್ಸ್‌ನ ಸಾಮಾನ್ಯ ವ್ಯವಸ್ಥೆಯಲ್ಲಿ ಸುಮಾರು 15 ನಿಮಿಷಗಳ ನಂತರ ಕೈಚೆಲ್ಲುತ್ತದೆ. ಏನೂ ಬರೆಯದೆ ಸುಮ್ಮನಿದ್ದರೆ 7200 ಸೆಕೆಂಡು, ಅಂದರೆ ಎರಡು ತಾಸು, ಕಾಯುತ್ತದೆ. ಆಮೇಲೆ 75 ಸೆಕೆಂಡಿಗೊಮ್ಮೆ ಒಂಬತ್ತು ಬಾರಿ ‘ಇದ್ದೀರಾ?’ ಎಂದು ಕೂಗಿ ನೋಡುತ್ತದೆ. ಒಟ್ಟು 2 ಗಂಟೆ 11 ನಿಮಿಷ. ಆನಂತರವೇ ಹ್ಯಾಂಗಪ್ ಸಂಜ್ಞೆ ಹೊರಡುವುದು. ಸಂಜೆ 6 ಗಂಟೆಗೆ ತಂತಿ ಕಡಿದು ರಾತ್ರಿ 8 ದಾಟಿದ ಮೇಲೆ ಸತ್ತ ಕ್ರಮವಿಧಿಯ ದಾಖಲೆ ನೋಡಿದವರು ಕಾರಣವನ್ನು 8 ಗಂಟೆಯ ಸುತ್ತ ಹುಡುಕುತ್ತಾರೆ. ಅಲ್ಲಿ ಏನೂ ಸಿಗುವುದಿಲ್ಲ. (ಎಸ್ಎಸ್ಎಚ್ ಸರ್ವರನ್ನು ಇನ್ನೂ ಬೇಗ ವಿಚಾರಿಸುವಂತೆ ಹೊಂದಿಸಲು ಬರುತ್ತದೆ. ಬಹಳ ಕಡೆ ಹಾಗೆ ಹೊಂದಿಸಿರುತ್ತಾರೆ.)

ನೋಹಪ್ ಮಾಡುವುದೆಷ್ಟು?

ನೋಹಪ್ ಮಾಡುವ ಕೆಲಸ ಬಹಳ ಚಿಕ್ಕದು. ‘1ನೇ ಸಂಜ್ಞೆಯನ್ನು ಕಡೆಗಣಿಸು’ ಎಂಬ ಗುರುತು ಹಾಕಿ, ಪರದೆಗೆ ಹೋಗಬೇಕಾದ ಬರಹವನ್ನು ‘ನೋಹಪ್ ಡಾಟ್ ಔಟ್’ ಎಂಬ ಕಡತಕ್ಕೆ ತಿರುಗಿಸಿ, ನಂತರ ನಿಮ್ಮ ಕ್ರಮವಿಧಿಗೆ ತನ್ನ ಜಾಗ ಬಿಟ್ಟುಕೊಟ್ಟು ಮರೆಯಾಗುತ್ತದೆ. ಕಡೆಗಣಿಸುವ ಗುರುತು ಹೊಸ ಕ್ರಮವಿಧಿಗೂ ದಾಯವಾಗಿ ಬರುತ್ತದೆ ಎಂಬ ಯುನಿಕ್ಸ್ ನಿಯಮವೇ ಇದರ ಬಂಡವಾಳ. ಬರಹವನ್ನು ಕಡತಕ್ಕೆ ತಿರುಗಿಸುವುದನ್ನು ಹಲವರು ಅಲಂಕಾರ ಎಂದುಕೊಳ್ಳುತ್ತಾರೆ. ಹಾಗಲ್ಲ. ಟರ್ಮಿನಲ್ ಮುಚ್ಚಿದ ಮೇಲೆ ಅದಕ್ಕೆ ಬರೆಯಲು ಹೋದ ಕ್ರಮವಿಧಿಗೆ ದೋಷ ಎದುರಾಗುತ್ತದೆ, ಅನೇಕ ಕ್ರಮವಿಧಿಗಳು ಅದರಿಂದಲೇ ಸಾಯುತ್ತವೆ. ಬ್ಯಾಷ್‌ನ ‘ಡಿಸೋನ್’ ಆದೇಶದಿಂದ ಸಂಜ್ಞೆಯನ್ನು ತಪ್ಪಿಸಿಕೊಂಡ ಮೇಲೂ ಕ್ರಮವಿಧಿ ಸತ್ತಿತೆಂದು ಯಾರಾದರೂ ದೂರಿದರೆ ಮೊದಲು ಈ ಕಾರಣವನ್ನು ನೋಡಬೇಕು.

ಈಗ ನೋಹಪ್ ಮಾಡದಿರುವುದನ್ನು ನೋಡೋಣ. ಅದು ತಡೆಯುವುದು 1ನೇ ಸಂಜ್ಞೆಯನ್ನು ಮಾತ್ರ. 15ನೆಯದನ್ನಾಗಲಿ, ಯಾವ ಪ್ರಕ್ರಿಯೆಯೂ ತಡೆಯಲಾರದ 9ನೆಯದನ್ನಾಗಲಿ ತಡೆಯುವುದಿಲ್ಲ. ಯಂತ್ರದಲ್ಲಿ ಮೆಮೊರಿ ಮುಗಿದಾಗ ಕರ್ನೆಲ್ ಯಾರನ್ನಾದರೂ ಬಲಿ ಕೊಡುತ್ತದೆ. ಅದು ಕಳುಹಿಸುವುದು 9ನೆಯದನ್ನೇ. ಕ್ರಮವಿಧಿಯಲ್ಲಿರುವ ದೋಷದಿಂದ ಅದು ತಾನಾಗಿ ಕುಸಿದರೆ ಎಬ್ಬಿಸುವವರಿಲ್ಲ. ಸರ್ವರ್ ಯಂತ್ರವೇ ಮರುಚಾಲನೆಯಾದರೆ ಎಲ್ಲವೂ ಹೋಯಿತು. ನೋಹಪ್ ಡಾಟ್ ಔಟ್ ಕಡತಕ್ಕೆ ಮಿತಿಯಿಲ್ಲ. ತಿಂಗಳುಗಟ್ಟಲೆ ಬೆಳೆದು ಡಿಸ್ಕ್ ತುಂಬಿಸಿ, ಪಕ್ಕದವರ ಕೆಲಸವನ್ನೂ ಕೆಡಿಸಬಲ್ಲದು. ಇನ್ನೂ ಒಂದು ವಿನೋದವಿದೆ. ಟರ್ಮಿನಲ್ಲೇ ಇಲ್ಲದ ಸರ್ವರ್‌ಗಳಿಗೆ ಹ್ಯಾಂಗಪ್ ಸಂಜ್ಞೆಯಿಂದ ಏನು ಪ್ರಯೋಜನ ಎಂದು ಯೋಚಿಸಿದವರು ಅದಕ್ಕೆ ಹೊಸ ಅರ್ಥವನ್ನೇ ಕೊಟ್ಟರು: ‘ಸಂರಚನೆಯ ಕಡತವನ್ನು ಮತ್ತೆ ಓದಿಕೋ’. ಎಂಜಿನೆಕ್ಸ್‌ನಂಥ ವೆಬ್ ಸರ್ವರ್‌ಗಳು ಚಾಲೂ ಆದೊಡನೆ ಈ ಸಂಜ್ಞೆಗೆ ತಮ್ಮದೇ ಪ್ರತಿಕ್ರಿಯೆ ಗೊತ್ತುಪಡಿಸುತ್ತವೆ. ಆಗ ನೋಹಪ್ ಹಾಕಿದ ಗುರುತು ಅಳಿಸಿಹೋಗುತ್ತದೆ!

ಸ್ಕ್ರೀನ್ ಮತ್ತು ಟೀಮಕ್ಸ್

ಸ್ವಲ್ಪ ಮುಂದುವರಿದ ವಿದ್ಯಾರ್ಥಿಗಳು ನೋಹಪ್ ಬಿಟ್ಟು 1987ರಲ್ಲಿ ಬಂದ ಸ್ಕ್ರೀನ್ ಅಥವಾ 2007ರಲ್ಲಿ ನಿಕೊಲಸ್ ಮ್ಯಾರಿಯಟ್ ಆರಂಭಿಸಿದ ಟೀಮಕ್ಸ್ ಬಳಸುತ್ತಾರೆ. ಇವು ಹುಸಿ ಟರ್ಮಿನಲ್ಲನ್ನು ಸರ್ವರ್ ಯಂತ್ರದಲ್ಲಿಯೇ ಹಿಡಿದಿಟ್ಟುಕೊಳ್ಳುತ್ತವೆ. ನಿಮ್ಮ ತಂತಿ ಕಡಿದರೆ ಕಡಿಯುವುದು ನಿಮಗೂ ಟೀಮಕ್ಸ್‌ಗೂ ನಡುವಿನ ನಂಟು ಮಾತ್ರ. ಮತ್ತೆ ಲಾಗಿನ್ ಆಗಿ ಬಿಟ್ಟಲ್ಲಿಂದಲೇ ಮುಂದುವರಿಯಬಹುದು. ಮಣ್ಣೂರಿನಲ್ಲಿ ಕುಳಿತು ಒಂದು ಉದ್ದನೆಯ ದತ್ತಾಂಶ ವರ್ಗಾವಣೆ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಸಾಧನವಿಲ್ಲ. ನೋಹಪ್‌ಗಿಂತ ಮೊದಲು ಕಲಿಸಬೇಕಾದದ್ದು ಇದನ್ನೇ ಎಂಬುದು ನನ್ನ ಅಭಿಪ್ರಾಯ.

ಆದರೆ ಇದೂ ಸರ್ವರ್ ನಡೆಸುವ ವಿಧಾನವಲ್ಲ. ಟೀಮಕ್ಸ್ ಕಾಯುವುದು ಮನುಷ್ಯರ ಕೆಲಸದ ಮೇಜನ್ನು. ಯಂತ್ರ ಮರುಚಾಲನೆಯಾದರೆ ಮೇಜೂ ಇಲ್ಲ, ಮೇಲಿದ್ದ ಕಾಗದಗಳೂ ಇಲ್ಲ.

2016ರ ಜಗಳ

ಲಾಗ್‌ಔಟ್ ಆದವರ ಕ್ರಮವಿಧಿಗಳು ಉಳಿಯಬೇಕೇ ಬೇಡವೇ ಎಂಬ ಪ್ರಶ್ನೆ 2016ರಲ್ಲಿ ಲಿನಕ್ಸ್ ಜಗತ್ತಿನಲ್ಲಿ ದೊಡ್ಡ ಜಗಳವಾಯಿತು. ಲಿನಕ್ಸ್ ಯಂತ್ರ ಚಾಲೂ ಆದಾಗ ಮೊದಲು ಎದ್ದು ಉಳಿದೆಲ್ಲವನ್ನೂ ಎಬ್ಬಿಸುವ ‘ಸಿಸ್ಟಮ್-ಡಿ’ ಎಂಬ ತಂತ್ರಾಂಶವನ್ನು ಲೆನಾರ್ಟ್ ಪೊಯೆಟರಿಂಗ್ ಮತ್ತು ಕೇ ಸೀವರ್ಸ್ 2010ರಲ್ಲಿ ಆರಂಭಿಸಿದ್ದರು. ಅದರ 230ನೇ ಆವೃತ್ತಿ 2016ರ ಮೇ ತಿಂಗಳಲ್ಲಿ ಹೊರಬಂದಾಗ ಒಂದು ಪೂರ್ವನಿಶ್ಚಿತ ಆಯ್ಕೆ ಬದಲಾಗಿತ್ತು: ಬಳಕೆದಾರರು ಲಾಗ್‌ಔಟ್ ಆದರೆ ಆ ಅವಧಿಯಲ್ಲಿ ಹುಟ್ಟಿದ ಎಲ್ಲ ಪ್ರಕ್ರಿಯೆಗಳನ್ನೂ ಕೊನೆಗಾಣಿಸುವುದು. ಇದಕ್ಕೆ ಬಳಸುವುದು ಹ್ಯಾಂಗಪ್ ಸಂಜ್ಞೆಯೊಂದನ್ನೇ ಅಲ್ಲವಾದ್ದರಿಂದ ನೋಹಪ್ ನಿಷ್ಪ್ರಯೋಜಕವಾಯಿತು. ಸ್ಕ್ರೀನ್, ಟೀಮಕ್ಸ್‌ಗಳೂ ಸತ್ತವು. ಬಳಕೆದಾರರು ಸಿಟ್ಟಾದರು. ಡೆಬಿಯನ್‌ನಂಥ ಪ್ರಮುಖ ವಿತರಣೆಗಳು ತಮ್ಮಲ್ಲಿ ಆ ಆಯ್ಕೆಯನ್ನು ಹಳೆಯ ಸ್ಥಿತಿಗೆ ತಿರುಗಿಸಿದವು. ಮೂಲ ತಂತ್ರಾಂಶದಲ್ಲಿ ಮಾತ್ರ ಅದು ಉಳಿದುಕೊಂಡಿದೆ.

ಯಾರು ಸರಿ? ಕಾಲೇಜಿನ ಪ್ರಯೋಗಾಲಯ ನೋಡಿಕೊಳ್ಳುವ ಶಿಕ್ಷಕರಿಗೆ ಸಿಸ್ಟಮ್-ಡಿ ಪಕ್ಷದ ವಾದ ಕೂಡಲೇ ಅರ್ಥವಾಗುತ್ತದೆ. ನಲವತ್ತು ವಿದ್ಯಾರ್ಥಿಗಳು ಬಿಟ್ಟುಹೋದ ಅನಾಥ ಪ್ರಕ್ರಿಯೆಗಳು ಸಂಜೆಯ ಹೊತ್ತಿಗೆ ಯಂತ್ರವನ್ನು ಮಂಡಿಯೂರಿಸುತ್ತವೆ. ಯಾವುದು ಬೇಕೆಂದೇ ಬಿಟ್ಟದ್ದು, ಯಾವುದು ಮರೆತು ಬಿಟ್ಟದ್ದು ಎಂದು ಹೊರಗಿನಿಂದ ತಿಳಿಯುವ ಉಪಾಯವಿಲ್ಲ. ‘ಉಳಿಯಬೇಕಾದದ್ದು ಮೊದಲೇ ಹೇಳಿಕೊಂಡು ಉಳಿಯಲಿ’ ಎಂಬ ತತ್ವದಲ್ಲಿ ತಪ್ಪು ಕಾಣುವುದಿಲ್ಲ. ತಪ್ಪಿದ್ದದ್ದು ಅದನ್ನು ತಂದ ರೀತಿಯಲ್ಲಿ. ದಶಕಗಳಿಂದ ಜನ ನಂಬಿದ್ದ ಒಂದು ನಡವಳಿಕೆಯನ್ನು, ನಂಬಿದವರಿಗೆ ಕೇಳಿಸುವಂತೆ ಹೇಳದೆ, ಆವೃತ್ತಿ ಬದಲಾವಣೆಯ ಟಿಪ್ಪಣಿಯಲ್ಲಿ ಬದಲಾಯಿಸಲಾಯಿತು. ನೋಹಪ್ ಎಂದೂ ಒಂದನೇ ಸಂಜ್ಞೆಗಿಂತ ಹೆಚ್ಚಿನ ಭರವಸೆ ಕೊಟ್ಟಿರಲಿಲ್ಲ ಎನ್ನುವುದು ನ್ಯಾಯಾಲಯದಲ್ಲಿ ಗೆಲ್ಲುವ ವಾದ. ರಾತ್ರಿಯ ಲೆಕ್ಕ ಕಳೆದುಕೊಂಡವರಿಗೆ ಅದರಿಂದ ಸಮಾಧಾನವಿಲ್ಲ.

ಆದರೂ ಈ ಜಗಳದಿಂದ ಒಂದು ಉಪಕಾರವಾಯಿತು. ಪ್ರಶ್ನೆ ಇರುವುದು ಸಂಜ್ಞೆಯನ್ನು ತಪ್ಪಿಸಿಕೊಳ್ಳುವುದರಲ್ಲಲ್ಲ, ಪ್ರಕ್ರಿಯೆಯ ಯಜಮಾನ ಯಾರು ಎಂಬುದರಲ್ಲಿ ಎಂದು ಅದು ಬಯಲಿಗೆ ತಂದಿತು. ಮಣ್ಣೂರಿನ ಶಿಕ್ಷಕರು ಲಾಗಿನ್ ಆಗಿ ಚಾಲೂ ಮಾಡಿದ ಕ್ರಮವಿಧಿ ಅವರ ಶೆಲ್‌ನ ಮಗು. ಅವರು ಹೋದ ಮೇಲೆ ಅದು ಅನಾಥ. ಅನಾಥ ಪ್ರಕ್ರಿಯೆಗಳನ್ನು ಯುನಿಕ್ಸ್ 1ನೇ ಸಂಖ್ಯೆಯ ಪ್ರಕ್ರಿಯೆಗೆ ದತ್ತು ಕೊಡುತ್ತದೆ ನಿಜ. ಆದರೆ ಹಾಗೆ ದತ್ತು ಹೋದ ಮಗು ಸತ್ತರೆ ತಂದೆ ಹೆಣ ಎತ್ತುತ್ತಾನೆಯೇ ಹೊರತು ಮತ್ತೊಂದನ್ನು ಹುಟ್ಟಿಸುವುದಿಲ್ಲ. ಮೊದಲಿನಿಂದಲೂ ಆ 1ನೇ ಪ್ರಕ್ರಿಯೆಯ ಕೈಯಿಂದಲೇ ಚಾಲೂ ಆದ ಸರ್ವರ್‌ನ ಕಥೆ ಬೇರೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಿಂದ ಇರುವ ಪರಮ್ ಪ್ರವೇಗದಂಥ 3.3 ಪೆಟಾಫ್ಲಾಪ್ ಸಾಮರ್ಥ್ಯದ ಮಹಾಗಣಕವನ್ನು ಬಳಸುವವರಿಗೆ ಈ ಮಾತು ಹೊಸದಲ್ಲ. ಅಂಥ ಯಂತ್ರಗಳಲ್ಲಿ ಕೆಲಸವನ್ನು ಸರದಿಗೆ ಒಪ್ಪಿಸುತ್ತಾರೆ. ಓಡಿಸುವುದು ಸರದಿಯ ತಂತ್ರಾಂಶ. ಒಪ್ಪಿಸಿದವರು ಲಾಗಿನ್ ಆಗಿದ್ದಾರೋ ಮನೆಯಲ್ಲಿ ಊಟ ಮಾಡುತ್ತಿದ್ದಾರೋ ಎಂಬುದು ಲೆಕ್ಕಕ್ಕೆ ಬರುವುದಿಲ್ಲ.

ಯಜಮಾನನಿಗೆ ಒಪ್ಪಿಸುವಾಗ

ಸಿಸ್ಟಮ್-ಡಿಗೆ ಒಂದು ಸೇವೆಯನ್ನು ಒಪ್ಪಿಸಲು ಹತ್ತು ಸಾಲಿನ ಪಠ್ಯ ಕಡತ ಸಾಕು. ಯಾವ ಕ್ರಮವಿಧಿ, ಯಾವ ಬಳಕೆದಾರರ ಹೆಸರಿನಲ್ಲಿ, ಕುಸಿದರೆ ಮತ್ತೆ ಎಬ್ಬಿಸಬೇಕೇ, ಯಂತ್ರ ಚಾಲೂ ಆದಾಗ ತಾನಾಗಿ ಏಳಬೇಕೇ ಎಂದು ಬರೆಯುವುದಷ್ಟೇ. ಆಡಳಿತಾಧಿಕಾರವಿಲ್ಲದ ವಿದ್ಯಾರ್ಥಿಗಳು ತಮ್ಮ ಖಾತೆಯೊಳಗೇ ಇಂಥ ಸೇವೆಯನ್ನು ಬರೆದು, ‘ಲಿಂಗರ್’ ಎಂಬ ಅನುಮತಿಯನ್ನು ಆಡಳಿತಗಾರರಿಂದ ಪಡೆಯಬಹುದು. ಅದೂ ಸಿಗದಿದ್ದರೆ, ವೇಳಾಪಟ್ಟಿಯಂತೆ ಕೆಲಸ ನಡೆಸುವ ಕ್ರಾನ್‌ಗೆ ‘ಮರುಚಾಲನೆಯಾದಾಗ ಇದನ್ನು ಓಡಿಸು’ ಎಂಬ ಒಂದು ಸಾಲು ಕೊಡಬಹುದು. ಕ್ರಾನ್ ಕುಸಿದದ್ದನ್ನು ಎಬ್ಬಿಸುವುದಿಲ್ಲ, ಆದರೂ ನೋಹಪ್‌ಗಿಂತ ಒಂದು ಹೆಜ್ಜೆ ಮುಂದೆ.

ಇಲ್ಲಿಯೂ ಕುರುಡು ನಕಲು ಸಲ್ಲದು. ಸಿಸ್ಟಮ್-ಡಿಯಲ್ಲಿ ಬೇರೆ ಏನೂ ಹೇಳದಿದ್ದರೆ ಕುಸಿದ ಸೇವೆಯನ್ನು ಎಬ್ಬಿಸುವ ಮುನ್ನ ಕಾಯುವ ಕಾಲ 100 ಮಿಲಿಸೆಕೆಂಡು. ಹತ್ತು ಸೆಕೆಂಡಿನೊಳಗೆ ಐದು ಸಲ ಚಾಲೂ ಮಾಡಿ ನೋಡಿ, ಆಗಲೂ ನಿಲ್ಲದಿದ್ದರೆ ಆ ಸೇವೆಯ ಕೈಬಿಡುತ್ತದೆ. ಈಗ ಕಲಬುರಗಿಯಲ್ಲಿ ವಿದ್ಯುತ್ ಹೋಗಿ ಬಂದಿತು ಎನ್ನಿ. ಸರ್ವರ್ ಯಂತ್ರ ಬೇಗ ಎದ್ದಿತು. ಜಾಲದ ಸ್ವಿಚ್ ಮತ್ತು ರೂಟರ್ ಏಳಲು ಇನ್ನೊಂದು ನಿಮಿಷ ಬೇಕು. ಜಾಲ ಸಿಗದೆ ನಮ್ಮ ಕ್ರಮವಿಧಿ ತಕ್ಷಣ ಸೋತು ಬೀಳುತ್ತದೆ. ಐದು ಪ್ರಯತ್ನಗಳೂ ಒಂದೆರಡು ಸೆಕೆಂಡಿನಲ್ಲೇ ಮುಗಿಯುತ್ತವೆ. ರೂಟರ್ ಎದ್ದಾಗ ಕೇಳಿಸಿಕೊಳ್ಳಲು ಯಾರೂ ಇಲ್ಲ. ‘ಸದಾ ಎಬ್ಬಿಸು’ ಎಂದು ಬರೆದಿದ್ದರೂ ಹೀಗಾಗುತ್ತದೆ. ಕಾಯುವ ಕಾಲವನ್ನು 30 ಸೆಕೆಂಡಿಗೆ ಏರಿಸಿದರೆ ಹತ್ತು ಸೆಕೆಂಡಿನಲ್ಲಿ ಐದು ಸೋಲು ಸಾಧ್ಯವೇ ಇಲ್ಲ, ಪ್ರಯತ್ನ ನಿಲ್ಲುವುದಿಲ್ಲ. ಒಂದೇ ಸಾಲಿನ ಬದಲಾವಣೆ. ನಿರಂತರ ವಿದ್ಯುತ್ತಿರುವ ದತ್ತಾಂಶ ಕೇಂದ್ರಗಳಿಗಾಗಿ ಬರೆದ ಮಾದರಿ ಕಡತಗಳಲ್ಲಿ ಇದು ಅನೇಕ ವೇಳೆ ಇರುವುದಿಲ್ಲ.

ತರಗತಿಯಲ್ಲಿ ಇದನ್ನು ತೋರಿಸಲು ಎರಡು ಹಳೆಯ ಗಣಕಗಳು ಸಾಕು. ಒಂದನ್ನು ಸರ್ವರ್ ಮಾಡಿ, ನಿಮಿಷಕ್ಕೊಮ್ಮೆ ಕಡತವೊಂದಕ್ಕೆ ಸಮಯ ಬರೆಯುವ ನಾಲ್ಕು ಸಾಲಿನ ಕ್ರಮವಿಧಿ ಬರೆಯಿರಿ. ಇನ್ನೊಂದರಿಂದ ಲಾಗಿನ್ ಆಗಿ ಅದನ್ನು ನಾಲ್ಕು ರೀತಿ ಚಾಲೂ ಮಾಡಿಸಿ: ಬರಿಯ ಆಂಪರ್‌ಸ್ಯಾಂಡ್, ನೋಹಪ್, ಟೀಮಕ್ಸ್, ಸಿಸ್ಟಮ್-ಡಿ ಸೇವೆ. ನಾಲ್ಕಕ್ಕೂ ಬೇರೆ ಬೇರೆ ಕಡತ ಇರಲಿ. ಮೊದಲು ಎಕ್ಸಿಟ್ ಬರೆದು ಹೊರಬನ್ನಿ, ಕಡತಗಳನ್ನು ನೋಡಿ. ಮತ್ತೆ ಎಲ್ಲವನ್ನೂ ಚಾಲೂ ಮಾಡಿ, ಈ ಸಲ ಟರ್ಮಿನಲ್ ಕಿಟಕಿಯನ್ನು ಹಾಗೇ ಮುಚ್ಚಿ ನೋಡಿ. ಮೂರನೆಯ ಸಲ ಜಾಲದ ತಂತಿಯನ್ನು ಎಳೆದುಬಿಟ್ಟು ಮೂರು ತಾಸು ಕಾದು, ಯಾವ ಕಡತದ ಕೊನೆಯ ಸಾಲು ಎಷ್ಟು ಹೊತ್ತಿಗೆ ನಿಂತಿದೆ ಎಂದು ವಿದ್ಯಾರ್ಥಿಗಳೇ ಓದಲಿ. ಕೊನೆಯದಾಗಿ, ಬೇರೆಯವರ ಕೆಲಸ ಇಲ್ಲದ ಯಂತ್ರವೆಂದು ಖಚಿತಪಡಿಸಿಕೊಂಡು, ಸರ್ವರ್‌ನ ವಿದ್ಯುತ್ ಪ್ಲಗ್ಗನ್ನೇ ಕಿತ್ತು ಐದು ನಿಮಿಷ ಬಿಟ್ಟು ಹಾಕಿ. ಆಮೇಲೆ ಯಾರೂ ಲಾಗಿನ್ ಆಗದೆ ಹತ್ತು ನಿಮಿಷ ಸುಮ್ಮನಿದ್ದು, ನಾಲ್ಕು ಕಡತಗಳಲ್ಲಿ ಯಾವುದರಲ್ಲಿ ಹೊಸ ಸಾಲುಗಳಿವೆ ಎಂದು ತೆರೆದು ನೋಡಿ.